ಯಾಕುತ್ಸ್ಕ್‌ನ ಮೀನು ಸಂತೆ

ಲೋಹದ ಕನ್ನಡಕ ತೆಗಿ ಮೊದಲು,
ಕೆನ್ನೆಗೆ ಕಚ್ಚಿಕೊಂಡರೆ ತೊಗಲು ಕೊಟ್ಟೇ ಬಿಡಿಸಿಕೊಳ್ಳಬೇಕು.
ಬಾಯಿ ಮುಚ್ಚು. ಮೂಗಲ್ಲಿ ಉಸಿರಾಡು, ಸಣ್ಣಗೆ,
ಕಡ ತಂದ ಹಿಟ್ಟು ಅಳೆದ ಹಾಗೆ.
ಓಡಬೇಡ. ಇಲ್ಲಿ ಓಡುವವರು
ಬಸ್ಸಿಗಲ್ಲ, ಆಸ್ಪತ್ರೆಗೆ ತಲುಪುತ್ತಾರೆ.

ನಿನ್ನೂರು ಚಾಡ್ ಅಂದೆಯಲ್ಲ, ಇದ್ರಿಸ್,
ಅಲ್ಲಿ ಬಿಸಿಲಿಗೇನು ಮಾಡುತ್ತೀರಿ?
ಮೈತುಂಬ ಬಟ್ಟೆ ಸುತ್ತಿಕೊಳ್ಳುತ್ತೀರಾ!
ನೋಡು, ನಕ್ಕಿದ್ದಕ್ಕೆ
ರೆಪ್ಪೆಯ ಹಿಮ ಉದುರಿತು ಮೀನಿನ ಮೇಲೆ.

ನಾನೂ ಹೋಗಿದ್ದೆ ಒಮ್ಮೆ, ಕಪ್ಪು ಸಮುದ್ರದ ದಡಕ್ಕೆ,
ನಮ್ಮ ಸರ್ದಾನಾಳ ಮದುವೆಗೆ. ಮೂವತ್ತು ಡಿಗ್ರಿ.
ಎಲ್ಲರೂ ಕುಣಿಯುತ್ತಿದ್ದರೆ
ಹುಡುಗಿಯ ತಾಯಿ ಬಚ್ಚಲಲ್ಲಿ ಕೂತು
ತಲೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು.

ನಿಮಗೆ ಚಳಿಯಾಗುವುದಿಲ್ಲವೇ ಅಂತೀಯ.
ಯಾಕಾಗುವುದಿಲ್ಲ?
ಐವತ್ತೆಂಟು ಚಳಿಗಾಲ. ಒಂದಾದರೂ
ಪರಿಚಯದ ಮುಖವೆಂದು ಬಿಟ್ಟಿಲ್ಲ ನನ್ನ.
ರಾತ್ರಿ ಬೂಟು ಕಳಚಿದರೆ ಎಡಗಾಲಿನ ಎರಡು ಬೆರಳು
ನನ್ನವೋ, ಅಂಗಡಿಯ ಮಾಲೋ,
ಒಲೆಯ ಮುಂದೆ ತುಸು ಹೊತ್ತು ಕಾದು ನೋಡಬೇಕು.

ತಗೋ, ಲೆನಾ ನದಿಯದು. ಸೌದೆಯ ಹಾಗೆ ಸೆಟೆದಿದೆ,
ಚೀಲ ಬೇಡ, ಕಂಕುಳಲ್ಲಿ ಇಟ್ಟುಕೋ.
ಅಯ್ಯೋ, ಕೈಗವಸು ತೆಗೆಯಬೇಡ ಮಾರಾಯ,
ಹಣ ನಾಳೆ ಕೊಡು.