ಉಪಕಲಂ ನಾಲ್ಕು

ಲಂಡನ್ನಿನ ಕಚೇರಿ, ಮೂರನೇ ಮಹಡಿ, ಹೀಟರು ಕೆಟ್ಟ ಮಾರ್ಚ್ ತಿಂಗಳು;
ಕೋಟು ಬಿಚ್ಚದೆ ಕೂತು ನಾನು ಬರೆದ ವಾಕ್ಯ ಅದು.
ಐವತ್ತೊಂದು ಪದ. ಮೂರು ‘ಆದರೆ’, ಎರಡು ‘ಹೊರತುಪಡಿಸಿ’.
ಮೇಲಿನವರು ಒಂದು ಅಲ್ಪವಿರಾಮ ಸರಿಸಿ
ಅಚ್ಚುಕಟ್ಟು ಅಂದರು.
ನನಗೂ ಹಾಗೇ ಅನಿಸಿತ್ತು, ಸುಳ್ಳೇಕೆ.
ಸಂಜೆಯ ರೈಲಿನಲ್ಲಿ, ಮಬ್ಬುಗಟ್ಟಿದ ಕಿಟಕಿಯ ಮೇಲೆ
ಬೆರಳಲ್ಲಿ ಅದರ ನಂಬರು ಬರೆದು ಒರೆಸಿದ್ದೆ.

ಹತ್ತೊಂಬತ್ತು ವರ್ಷ ನೀತಿ ಬರೆದೆ.
ಮುಪ್ಪೆಂದರೆ ಆಗ ಒಂದು ಗೆರೆ:
ಎಂಬತ್ತರ ಹತ್ತಿರ ಬಾಗಿ
ಕಾಗದದ ಅಂಚಿಗೆ ಮುಂಚೆಯೇ ಮುಗಿಯುವಂಥದು.
ಬೇಗ ಸತ್ತವರನ್ನು ‘ಉಳಿತಾಯ’ ಅನ್ನುತ್ತಿದ್ದೆವು,
ಚಹಾ ಕುಡಿಯುತ್ತ, ಯಾವ ಕೆಟ್ಟ ಮನಸ್ಸೂ ಇಲ್ಲದೆ.

ಆಮೇಲೆ ಗ್ರಿಮ್ಸ್‌ಬಿ. ಬಂದರಿನ ಹಿಂದಿನ ಬೀದಿ.
ಪಿಂಚಣಿ ಸಲಹೆ, ಮಂಗಳವಾರ, ಗುರುವಾರ, ಉಚಿತ.
ಕುಡಿಕೆಯಲ್ಲಿ ಎಷ್ಟಿದೆ ಎಂದು ಕೇಳುವುದು ನನ್ನ ಕೆಲಸ.
ಕುಡಿಕೆಯೇ ಇಲ್ಲದವರು
ಮೊದಲು ಗಾಳಿಯ ಬಗ್ಗೆ ಮಾತಾಡುತ್ತಾರೆ.

ಎಡ್ವಿನಾ ಥರ್ಸ್‌ಬಿಯೂ ಗಾಳಿಯಿಂದಲೇ ಶುರುಮಾಡಿದಳು.
ಬೆಳಿಗ್ಗೆ ಕಾಡ್ ಮೀನಿನ ಮುಳ್ಳು ಬಿಡಿಸಿದಳಂತೆ,
ಸಂಜೆ ಶಾಲೆಯ ನೆಲ ಒರೆಸಿದಳಂತೆ;
ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ.
ಎರಡು ಕಡೆಯ ಸಂಬಳ, ಎರಡೂ ಮಿತಿಗೆ ತುಸು ಕೆಳಗೆ.
ಹನಿ ಹನಿ ಕೂಡಿದರೆ ಹಳ್ಳ, ನಿಜ.
ಕೂಡಿಸಕೂಡದು ಅನ್ನುತ್ತದೆ ಉಪಕಲಂ ನಾಲ್ಕು.

ಬಿಸ್ಕತ್ತಿನ ಡಬ್ಬಿಯಿಂದ ಹಳದಿಗಟ್ಟಿದ ಕರಪತ್ರ ತೆಗೆದಳು.
“ಓದಿ ಹೇಳಿ. ಬರೆದವನಿಗಾದರೂ ಅರ್ಥವಾಗಿರಬೇಕು.”
ಗಟ್ಟಿಯಾಗಿ ಓದಿದೆ.
ಎರಡನೆಯ ‘ಆದರೆ’ಯ ಹತ್ತಿರ ದಾರಿ ತಪ್ಪಿತು.
ಹಿಂದಕ್ಕೆ ಬಂದೆ, ಮತ್ತೆ ಓದಿದೆ, ಮತ್ತೆ ಅಲ್ಲೇ.

“ಬರೆದವನು ನಾನೇ,” ಅಂದೆ.

ಹೀಟರು ಟಿಕ್ ಟಿಕ್ ಅನ್ನುತ್ತಿತ್ತು. ಇಲ್ಲಿನದು ಕೆಡುವುದಿಲ್ಲ.
“ಆಗ ನಿಮಗೆಷ್ಟು ವಯಸ್ಸು?”
“ಇಪ್ಪತ್ತೊಂಬತ್ತು.”
“ನನಗೂ,” ಅಂದಳು. “ಎರಡನೆಯವಳು ಹೊಟ್ಟೆಯಲ್ಲಿದ್ದಳು.”
ಡಬ್ಬಿಯ ಮುಚ್ಚಳ ಸೊಟ್ಟ;
ನಾಲ್ಕೂ ಮೂಲೆ ಒತ್ತಿ ಒತ್ತಿ ಮುಚ್ಚಿದಳು.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಲ್ಮನವಿಯ ಫಾರಂ ತುಂಬಿದೆವು.
ತಿರಸ್ಕೃತವಾಗುತ್ತದೆ, ಬಲ್ಲೆ; ಹಾಗಾಗುವಂತೆ ಬರೆದವನಲ್ಲವೆ.
‘ಕಾರಣ’ ಎಂಬ ಚೌಕದಲ್ಲಿ ಐದಾರು ಗೆರೆ ಜಾಗ.
ಶಾಲೆಯ ಹೆಸರಿನ ಕಾಗುಣಿತ ಅವಳು ತಿದ್ದಿದ ಮೇಲೆ
ಒಂದೇ ಗೆರೆ ಬರೆದೆ, ‘ಆದರೆ’ ಇಲ್ಲದ್ದು:
ಎರಡೂ ಕೆಲಸ ಮಾಡಿದ್ದು ಒಂದೇ ಮೈ.