ಖಾಲಿ ಚೀಟಿ

ಮೂರನೇ ತರಗತಿ. ಇಪ್ಪತ್ತೊಂದು ಬೂಟಿನ ಡಬ್ಬಿ.
ಕಿಟಕಿಯ ಉದ್ದಕ್ಕೂ ಸಾಲಾಗಿ ಇಪ್ಪತ್ತೊಂದು ಬಯಲು.
ದಗ್ವಾನ ಡಬ್ಬಿಯಲ್ಲಿ ಸಿಂಹವಿದೆ.
‘ಮಂಗೋಲಿಯಾದಲ್ಲಿ ಸಿಂಹ ಎಲ್ಲಿದೆಯೋ?’ ಅಂದರೆ
‘ನನ್ನ ಡಬ್ಬೀಲಿ, ಟೀಚರ್’ ಅನ್ನುತ್ತಾನೆ.
ಇನ್ನೊಬ್ಬಳ ಒಂಟೆಗೆ ಮೂರು ಡುಬ್ಬ;
ಜೇಡಿಮಣ್ಣು ಮಿಕ್ಕಿತ್ತಂತೆ.

ಖುಲಾನಳ ಡಬ್ಬಿಯನ್ನು ಕೊನೆಗಿಟ್ಟುಕೊಂಡಿದ್ದೆ,
ಊಟದಲ್ಲಿ ಒಳ್ಳೆಯ ತುಂಡನ್ನು ಎತ್ತಿಡುವ ಹಾಗೆ.
ಗೋಬಿಯ ಕಾಡುಕತ್ತೆಯ ಹೆಸರು ಹೊತ್ತ ಹುಡುಗಿ.
ಓಟವೂ ಹಾಗೇ, ಹಟವೂ ಹಾಗೇ.

ಹುಲ್ಲು ನಿಜವಾದ ಹುಲ್ಲೇ,
ಬೇರಿನ ಮಣ್ಣೂ ಉದುರಿಸದೆ ತಂದದ್ದು.
ಕುರಿಗೆ ಅವರ ಮಂದೆಯದೇ ಉಣ್ಣೆ, ಇನ್ನೂ ಜಿಡ್ಡು ವಾಸನೆ.
ಮಾರ್ಮಟ್ಟಿಗೊಂದು ಬಿಲ, ಬಿಲಕ್ಕೊಂದು ಹಿಂಬಾಗಿಲು.
ಅದು ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ.
ಮಿಠಾಯಿ ಕಾಗದದ ಗಿಡುಗ, ಕುದುರೆಯ ಬಾಲದ ಕೂದಲಲ್ಲಿ ತೂಗಿದ್ದು,
ಯಾರಾದರೂ ಕೆಮ್ಮಿದರೆ ಒಂದು ಸುತ್ತು ಹಾಕುತ್ತದೆ.
ಪ್ರತಿಯೊಂದರ ಕಾಲ ಬಳಿ ಚೀಟಿ, ಚೀಟಿಯಲ್ಲಿ ಹೆಸರು,
ಹೆಸರಿನಿಂದ ಹೆಸರಿಗೆ ಕೆಂಪು ನೂಲಿನ ಬಾಣ:
ಯಾರು ಯಾರಿಗೆ ಊಟ.

ಬಾಣಗಳು ಹೋಗಿ ಸೇರುವ ಮೂಲೆಯಲ್ಲಿ
ಒಂದು ಸಣ್ಣ ಕಲ್ಲು.
ಬೂದು ಬಣ್ಣದ್ದು. ಕಣ್ಣಿಲ್ಲ, ಕಿವಿಯಿಲ್ಲ.
ಅದರ ಮುಂದಿನ ಚೀಟಿ ಖಾಲಿ.

‘ಮರೆತೆಯಾ?’
ಇಲ್ಲವೆಂದು ತಲೆಯಾಡಿಸಿದಳು.
‘ಗೊತ್ತಿಲ್ಲವಾ?’
ಈ ಸಲ ನನ್ನನ್ನೇ ಅಯ್ಯೋ ಪಾಪ ಅನ್ನುವಂತೆ ನೋಡಿದಳು.
ಉದ್ದ ತೋಳಿನ ಡೀಲ್ ಅಂಗಿಯೊಳಗೆ ಎರಡೂ ಕೈ ಎಳೆದುಕೊಂಡು
ಹೊರಗಿನ ಬಯಲಿನ ಕಡೆ ಗಲ್ಲ ತೋರಿಸಿ
‘ಅದು, ಟೀಚರ್,’ ಅಂದಳು ಮೆಲ್ಲಗೆ, ‘ಆಕಾಶದ ನಾಯಿ.’
ಹಿಂದಿನ ಬೆಂಚು ನಗಲಿಲ್ಲ. ದಗ್ವಾ ಕೂಡ.

ನಾನು ದರ್ಖಾನ್ ಪಟ್ಟಣದವಳು,
ಐದನೇ ಮಹಡಿಯಲ್ಲಿ ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು ಓದಿದವಳು.
ಪುಸ್ತಕದಲ್ಲಿ ಸ್ಪಷ್ಟವಾಗಿದೆ,
ಪ್ರತಿ ಜೀವಿಗೂ ಅದರ ಸರಿಯಾದ ಹೆಸರು ಬರೆಯಬೇಕು.
ಅರ್ಧ ಅಂಕ ಕಳೆದೆ.

ಶನಿವಾರ ಹಾಸ್ಟೆಲಿನಿಂದ ಅವಳನ್ನು ಕರೆದೊಯ್ಯಲು
ಮೋಟಾರ್ ಸೈಕಲಿನಲ್ಲಿ ಅಜ್ಜ ಲುವ್ಸನ್ ಬಂದರು.
ಮೀಸೆಯಲ್ಲಿ ಹಿಮ. ಟೋಪಿ ತೆಗೆಯದೆಯೇ
ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು, ತುಂಬ ಹೊತ್ತು.
‘ಗಾಳಿ ಯಾವ ಕಡೆಯಿಂದ?’ ಅಂತ ಮೊಮ್ಮಗಳನ್ನು ಕೇಳಿದರು.
ಅವಳು ತೋರಿಸಿದಳು.
ಅವರು ಕಲ್ಲನ್ನು ಹೆಬ್ಬೆಟ್ಟಿನಿಂದ ಒಂದು ಗೇಣು ಸರಿಸಿದರು,
ಕುರಿಗೆ ವಾಸನೆ ಸಿಗದ ಕಡೆಗೆ.

‘ಹೋದ ವಾರ ಹನ್ನೊಂದು ಹೋದವು,’ ಅಂದರು.
ಕುರಿಯ ಲೆಕ್ಕವೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು.
‘ಮತ್ತೆ ಹೆಸರು ಹೇಳಿ ಬೈಯುವುದಕ್ಕೇನು?’
‘ಕರೆದರೆ ಬರುತ್ತದಮ್ಮ. ಬಂದು ಯಾಕೆ ಕರೆದೆ ಅಂತ ಕೇಳಿದರೆ
ಹೇಳೋಕೆ ಏನಾದರೂ ಇರಬೇಕಲ್ಲ.’

ಆ ರಾತ್ರಿ ಸಗಣಿ ಒಲೆ ಮಂದವಾಗಿ ಉರಿಯುತ್ತಿತ್ತು.
ಅಂಕಪಟ್ಟಿ ತೆಗೆದು, ಸರಿಯುತ್ತರ ಬರೆದುಬಿಡೋಣವೆಂದು
ಕೆಂಪು ಪೆನ್ನು ಹಿಡಿದೆ.
ಊರಿನ ನಾಯಿಗಳೆಲ್ಲ ಬೊಗಳುತ್ತಿದ್ದವು.
ಅದಕ್ಕೆ ಹೆದರಲಿಲ್ಲ.
ಆಮೇಲೆ ಎಲ್ಲವೂ ಒಟ್ಟಿಗೇ ನಿಲ್ಲಿಸಿದವು.

ಬೆಳಿಗ್ಗೆ ನೋಡಿದರೆ ಪಟ್ಟಿಯಲ್ಲಿ
ಒಂದು ಅಕ್ಷರದ ಅರ್ಧ ಮಾತ್ರ,
ಕೊಕ್ಕೆಯಂತೆ ಬಾಗಿ ನಿಂತದ್ದು.
ಅರ್ಧ ಅಂಕ ಹಿಂದಿರುಗಿಸಿದೆನೋ ಇಲ್ಲವೋ
ಆ ಗೀಟಿನಿಂದ ಯಾರೂ ಓದಲಾರರು.

ಗುರುವಾರ ಇನ್‌ಸ್ಪೆಕ್ಟರ್ ಬರುತ್ತಾರೆ. ಡಬ್ಬಿಗಳನ್ನು ನೋಡುತ್ತಾರೆ.
ಖಾಲಿ ಚೀಟಿಯ ಬಗ್ಗೆ ಕೇಳಿಯೇ ಕೇಳುತ್ತಾರೆ.
ಏನು ಹೇಳಬೇಕೆಂದು ನಾನು ಯೋಚಿಸುತ್ತಿರುವಾಗ
ದಗ್ವಾ ತನ್ನ ಸಿಂಹದ ಚೀಟಿಯನ್ನು ಕಿತ್ತು
ಚೂರು ಮಾಡಿ ಜೇಬಿಗೆ ತುರುಕಿಕೊಂಡಿದ್ದಾನೆ.

‘ಯಾಕೋ?’
‘ಬಂದುಬಿಟ್ಟರೆ, ಟೀಚರ್?’