ಕಳ್ಳಿ

ಡಾಕ್ಟರ್ ನೊರೊನ್ಹಾ ಅವರ ಕಿಟಕಿಯಲ್ಲಿತ್ತು ಅದು,
ಬಾಯಿ ತೆರೆದು ಒರಗಿದವರಿಗೆಲ್ಲ ಮೊದಲು ಕಾಣುತ್ತಿದ್ದ
ದುಂಡನೆಯ ಪಾಪಾಸುಕಳ್ಳಿ.
ಒಂದು ಮಾರ್ಚಿನಲ್ಲಿ ನೆತ್ತಿಯ ಸುತ್ತ ಕೆಂಪು ಕಾಯಿ,
ಬ್ಯಾಡಗಿ ಮೆಣಸಿನಕಾಯಿ ಮರಿ ಹಾಕಿದ ಹಾಗೆ.
ಶಟರ್ ಎಳೆಯುವ ಮುಂಚೆ
ಚಿಮಟದಿಂದ ಒಂದನ್ನು ಕಿತ್ತು
ಹತ್ತಿಯಲ್ಲಿ ಸುತ್ತಿ ಬ್ಯಾಗಿನ ಒಳಜೇಬಿಗೆ ಹಾಕಿದೆ.
ಹನ್ನೊಂದು ವರ್ಷದ ನೌಕರಿಯಲ್ಲಿ
ನಾನು ಕದ್ದದ್ದು ಅದೊಂದೇ.
ಹತ್ತಿ ಲೆಕ್ಕಕ್ಕಿಲ್ಲ.

ಮತ್ತೀಕೆರೆ, ಮೂರನೇ ಮಹಡಿ.
ಹಿಂಡಿದರೆ ರಸದೊಳಗೆ ಕಪ್ಪು ಧೂಳು;
ಇದರ ಮುಂದೆ ರಾಗಿ ಕುಂಬಳಕಾಯಿ.
ಉಸಿರು ಬಿಗಿಹಿಡಿದು ಎಣಿಸಿದೆ, ಮೂವತ್ತೊಂದು.
ಸೀನಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.
'ಕಳ್ಳಿ!' ಅಂದಳು ತಂಗಿ.
ಗಿಡವನ್ನೋ ನನ್ನನ್ನೋ, ಕೇಳಲಿಲ್ಲ.

ಇಟ್ಟಿಗೆಪುಡಿ, ಇದ್ದಿಲು, ತೊಳೆದ ಮರಳು
ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು
ಕುಕ್ಕರಿಗಿಟ್ಟೆ. ಮೂರು ಸೀಟಿ.
'ಇವತ್ತು ಮಣ್ಣಿನ ಹುಳಿಯಾ?'
ಅವಳಿಗೇನು ಗೊತ್ತು,
ದಿನವಿಡೀ ಇಕ್ಕಳ ಸೂಜಿ ಬೇಯಿಸುವವಳಿಗೆ
ಕಣ್ಣಿಗೆ ಕಾಣದ್ದರ ಮೇಲೇ ಅನುಮಾನ ಜಾಸ್ತಿ.

ಬೇಕರಿಯ ಪ್ಲಾಸ್ಟಿಕ್ ಡಬ್ಬಿ,
ಮುಚ್ಚಳಕ್ಕಿನ್ನೂ ದಿಲ್‌ಪಸಂದಿನ ವಾಸನೆ.
ಈ ಬೀಜ ಹೂಳುವಂತಿಲ್ಲ,
ಸೀಬೆಹೋಳಿಗೆ ಉಪ್ಪು ಉದುರಿಸಿದಂತೆ ಮೇಲಷ್ಟೇ.
ಬೋರ್‌ವೆಲ್ ನೀರು ಆಗದು,
ಬಕೆಟ್ಟಿನ ಅಂಚಿಗೇ ಸುಣ್ಣ ಹಚ್ಚುವ ನೀರು.
ಕಾವೇರಿ ಬಿಡುವ ದಿನದ ತನಕ ಕಾದೆ.

ಎಂಟನೆಯ ಬೆಳಿಗ್ಗೆ, ಬೆವೆತ ಮುಚ್ಚಳದ ಕೆಳಗೆ
ಹಸಿರು ಚುಕ್ಕೆ.
ಪಾಚಿಯೋ ಪಾಪುವೋ ತಿಳಿಯದೆ
ಮೊಬೈಲ್ ಟಾರ್ಚು ಹಿಡಿದು ಬಗ್ಗಿದೆ,
ಇನ್ನೂ ಸ್ವಲ್ಪ ಅಗಲ, ಇನ್ನೂ ಸ್ವಲ್ಪ, ಎನ್ನುವ ಹಾಗೆ.
ಹದಿನೇಳು!
ಹುಟ್ಟುವಾಗ ಅದು ಮುಳ್ಳಲ್ಲ.
ಎಳೆಗೂದಲು. ಮುಟ್ಟಿದರೆ ನಾಚಿ ಬಾಗುತ್ತದೆ.
ಹಾಲುಹಲ್ಲಿಗೂ ಕಚ್ಚುವುದು ಆಮೇಲೆ ತಾನೇ ಬರುವುದು.

ಬಾಡಿಗೆಗೆ ಬಂದ ಮುನಿರತ್ನಮ್ಮ ಮೂಗು ಮುರಿದರು:
'ಮನೇಲಿ ಮುಳ್ಳು ಸಾಕ್ತಾರೇನಮ್ಮಾ, ಜಗಳ ಹತ್ತತ್ತೆ.'
ಇರುವುದು ನಾವಿಬ್ಬರು,
ಜಗಳಕ್ಕೆ ಮುಳ್ಳೇ ಬೇಕೆ,
ಗೀಸರ್ ಸ್ವಿಚ್ಚು ಸಾಕು.

ಚಿಂತಾಮಣಿಯಲ್ಲಿ ಒಂದು ಮದುವೆ, ಮೂರು ದಿನ.
ಬಂದು ನೋಡಿದರೆ ಡಬ್ಬಿಯೊಳಗೆ ಜೇಡನ ಉಸಿರಿನಂಥ ಬೂಜು,
ಹನ್ನೆರಡು ಕರಗಿ ನೀರು.
ಉಳಿದೈದನ್ನು
ಕ್ಲಿನಿಕ್ಕು ಬಿಸಾಕಿದ ಮೊಂಡು ಪ್ರೋಬಿನಿಂದ ಎತ್ತಿದೆ.
ಎಷ್ಟೋ ಹುಳುಕು ತಡಕಿ ಸವೆದ ತುದಿ
ಬೇರಿನ ಒಂದೆಳೆಯನ್ನೂ ಹರಿಯಲಿಲ್ಲ.

ವರ್ಷಕ್ಕೆ ಕಡಲೆಬೇಳೆ.
ಎರಡಕ್ಕೆ ಬಟಾಣಿ.
ಅಷ್ಟರಲ್ಲಿ ಎದುರು ಸೈಟಿನಲ್ಲಿ ಐದು ಮಹಡಿ ಎದ್ದು
ನಮ್ಮ ಬಿಸಿಲಿನಲ್ಲಿ ಒಂದು ಗಂಟೆ ಹೋಯಿತು.
ಡಬ್ಬಿಯನ್ನು ಫ್ರಿಜ್ಜಿನ ಮೇಲಿಂದ ಸಿಂಕಿನ ಪಕ್ಕಕ್ಕೆ,
ಅಲ್ಲಿಂದ ಬಟ್ಟೆ ಒಣಗಿಸುವ ಕಂಬಿಗೆ
ಬಿಸಿಲಿನ ಹಿಂದೆ ಹೊತ್ತು ತಿರುಗಿದೆ.

ಮೂರನೆಯ ಜೂನು. ಕ್ಲಿನಿಕ್ಕಿಗೆ ಹೊಸ ಹುಡುಗಿ,
ಭಕ್ತಿ ಹೆಚ್ಚು, ತುಳಸಿಗೆ ಹಾಕಿದಂತೆ ದಿನಾ ಒಂದು ಚೊಂಬು.
ಕಿಟಕಿಯ ಕಳ್ಳಿ ಹೊರಗೆಲ್ಲ ನೆಟ್ಟಗಿತ್ತು.
ಒರೆಸಲು ಕುಂಡ ಸರಿಸಿದರೆ
ಬುಡವೇ ಇಲ್ಲ.
ಹಲ್ಲೂ ಹೀಗೇ,
ನೋವು ತಿಳಿಯುವ ಹೊತ್ತಿಗೆ ಒಳಗೆಲ್ಲ ಪೊಳ್ಳು.
'ಇರಲಿ ಬಿಡು' ಅಂದರು ಡಾಕ್ಟರು,
ಮತ್ತೆ ಬಹಳ ಹೊತ್ತು ಕೈ ತೊಳೆದರು.

ಮಾರನೇ ದಿನ, ಅಚ್ಚುಪುಡಿಯ ಡಬ್ಬಿಯ ಮುಚ್ಚಳದಲ್ಲಿ
ಗೋಲಿಯಷ್ಟು ದಪ್ಪದ ಒಂದನ್ನು
ಅದೇ ಕಿಟಕಿಯಲ್ಲಿಟ್ಟೆ.
'ಎಲ್ಲಿಂದ ತಂದೆ?'
'ಇಲ್ಲಿಂದಲೇ.'
'ಎಷ್ಟಾಯಿತು?' ಪರ್ಸು ತೆಗೆದರು.
ಬಾಯಿತನಕ ಬಂತು ಉತ್ತರ.
ಅಷ್ಟರಲ್ಲಿ ದವಡೆ ಹಿಡಿದ ಯಾರೋ ಬೆಲ್ಲು ಒತ್ತಿ,
ಗ್ಲೌಸು ಏರಿಸುವಾಗ ಗೊತ್ತಾಯಿತು,
ಹೆಬ್ಬೆರಳಲ್ಲಿ ಒಂದು ಮುಳ್ಳು ಉಳಿದಿದೆ.
ಚಿಮಟ ಪಕ್ಕದಲ್ಲೇ ಇತ್ತು.
ಸಂಜೆವರೆಗೂ ತೆಗೆಯಲಿಲ್ಲ.